ಹುಣಸೆ ಹುಳಿ ಕಂಡ ಜರ್ಮನ್ ಕಠಾರಿ

ಅರಬ್ ದೇಶದ ನಜ್ರಾನಿನಲ್ಲಿ ಬೀಫಾತಿಮಾಳ ಮನೆಗೆ ಹೋದವರು ಚಹಾ ಲೋಟವನ್ನು ಮೇಜಿನ ಮೇಲಿಡಲು ಹೆದರುತ್ತಿದ್ದರು. ಇಟ್ಟ ಕೈ ಹಿಂದೆ ಬರುವುದರೊಳಗೆ ಅವಳ ಒರೆಸುವ ಬಟ್ಟೆ ಅಲ್ಲಿ ಹಾಜರು. ಅವಳು ಉಳ್ಳಾಲದ ಕಡಲ ಗಾಳಿಯಲ್ಲಿ ಬೆಳೆದವಳು. ಅಲ್ಲಿ ಎರಡು ದಿನ ಕಣ್ಣು ತಪ್ಪಿದರೆ ಕತ್ತಿಗೆ ತುಕ್ಕು, ಹಿತ್ತಾಳೆಗೆ ಕಿಲುಬು. ಶುಕ್ರವಾರ ಬಂತೆಂದರೆ ಅವಳ ಹೆತ್ತ ಉಮ್ಮ ಮನೆಯ ಹಿತ್ತಾಳೆಯನ್ನೆಲ್ಲ ಬಾವಿಕಟ್ಟೆಗೆ ತಂದು ಸುರಿದು, ಹುಣಸೆ ಹುಳಿ, ಬೂದಿ ಹಾಕಿ ತಿಕ್ಕಿಸುತ್ತಿದ್ದಳು. ಬೀಫಾತಿಮಾ ಶಾಲೆಯ ಬೆಂಚಿನಲ್ಲಿ ಕೂತದ್ದಕ್ಕಿಂತ ಆ ಬಾವಿಕಟ್ಟೆಯಲ್ಲಿ ಕೂತದ್ದೇ ಹೆಚ್ಚು. ಮದುವೆಯಾಗಿ ನಜ್ರಾನಿಗೆ ಬಂದಾಗ ಗಂಡ ಖುಷಿಯಲ್ಲಿ ಹೇಳಿದ್ದ, "ಇಲ್ಲಿ ಗಾಳಿ ಒಣ. ತುಕ್ಕಿನ ಮಾತೇ ಇಲ್ಲ." ಅವಳಿಗೆ ಕೈ ಕಟ್ಟಿಹಾಕಿದ ಹಾಗಾಗಿತ್ತು. ಪುಣ್ಯಕ್ಕೆ ಧೂಳಿತ್ತು.

ಗಂಡ ಅಬ್ದುಲ್ಲ ಕುಂಞಿಗೆ ಜಂಬಿಯಾ ಪೇಟೆಯಲ್ಲಿ ಕೆಲಸ. ಜಂಬಿಯಾ ಎಂದರೆ ಅಲ್ಲಿನ ಗಂಡಸರು ಸೊಂಟಕ್ಕೆ ಕಟ್ಟುವ ಬಾಗಿದ ಕಠಾರಿ. ಹಿಡಿ ಸಡಿಲಾದದ್ದು, ಒರೆ ಬಿಟ್ಟುಕೊಂಡದ್ದು, ಅಜ್ಜನ ಕಾಲದ್ದೆಂದು ಮಾರುವವನು ಆಣೆ ಹಾಕಿದ್ದು, ಎಲ್ಲವೂ ಅವನ ಮುಂದೆ ಬರುತ್ತಿದ್ದವು. ಮನೆಯಲ್ಲಿ ಅವನ ಮಾತು ಕಡಿಮೆ. ಮಾತಿನ ಪಾಲನ್ನೆಲ್ಲ ಹೆಂಡತಿಗೆ ಬಿಟ್ಟುಕೊಟ್ಟಿದ್ದ.

ಇವರ ಒಬ್ಬಳೇ ಮಗಳು ಜಸ್ನಾ ಅಲ್ಲೇ ಇಂಡಿಯನ್ ಸ್ಕೂಲಿನಲ್ಲಿ ಚಿಕ್ಕ ಮಕ್ಕಳಿಗೆ ಪಾಠ ಮಾಡುತ್ತಿದ್ದಳು. ಅವಳಿಗೆ ಜಿದ್ದಾದ ಅಜೀಜಿಯಾದಿಂದ ಸಂಬಂಧವೊಂದು ಬಂದಿತ್ತು. ಹುಡುಗ ಆಶಿಕ್. ಅವನ ತಂದೆ ಫಾರೂಕ್, ಟೈಲ್ಸ್ ವ್ಯಾಪಾರಿ, ಮೂಲ್ಕಿ ಕಡೆಯವರು. ಹುಡುಗ ಹುಡುಗಿ ಫೋನಿನಲ್ಲಿ ಮಾತಾಡಿ ಒಪ್ಪಿಯಾಗಿತ್ತು. ಹಿರಿಯರು ಕೂತು ಒಟ್ಟಿಗೆ ಉಂಡು ಮಾತು ಕೊಡುವುದೊಂದು ಬಾಕಿ. ಬೀಫಾತಿಮಾಳಿಗೆ ಈ ಸಂಬಂಧ ಎಷ್ಟು ಹಿಡಿಸಿತ್ತೆಂದರೆ, ಹುಡುಗನ ಫೋಟೋ ಬಂದ ಫೋನನ್ನೂ ದಿನಾ ಒರೆಸಿ ಇಡುತ್ತಿದ್ದಳು.

ಗುರುವಾರ ಸಂಜೆ ಫಾರೂಕ್, ಹೆಂಡತಿ ಮೈಮೂನ, ಆಶಿಕ್ ಮೂವರೂ ಕಾರಿನಲ್ಲಿ ಬಂದಿಳಿದರು. ಫಾರೂಕರಿಗೆ ಒಂದು ಹುಚ್ಚಿತ್ತು. ಹಳೆಯ ಸೈನ್ಯದ ಕಠಾರಿಗಳನ್ನು ಕೂಡಿಹಾಕುವುದು. ಬೀಗನಾಗುವವನು ಜಂಬಿಯಾ ಬಲ್ಲವನೆಂದು ಗೊತ್ತಾದ ಮೇಲೆ ಅವರು ಸುಮ್ಮನೆ ಬರುತ್ತಾರೆಯೇ? ಕೆಂಪು ವೆಲ್ವೆಟ್ಟಿನಲ್ಲಿ ಸುತ್ತಿ ಒಂದನ್ನು ತಂದೇ ಬಿಟ್ಟಿದ್ದರು. ಹೆಂಗಸರು ಅಡುಗೆಮನೆಯಲ್ಲಿ ಕೋರಿ ಸುಕ್ಕದ ಗಲಾಟೆಯಲ್ಲಿದ್ದಾಗ ಗಂಡಸರು ಅತಿಥಿಗಳು ಕೂರುವ ಮಜ್ಲಿಸ್ ಕೋಣೆಯಲ್ಲಿ ಅದನ್ನು ಬಿಚ್ಚಿದರು. ಅಲ್ಲಿ ನಡೆದ ಮಾತು ಬೀಫಾತಿಮಾಳ ಕಿವಿಗೆ ಬೀಳಲಿಲ್ಲ. ಬಿದ್ದಿದ್ದರೆ ಈ ಕತೆಯೇ ಇರುತ್ತಿರಲಿಲ್ಲ.

"ಅಬ್ದುಲ್ಲಾಕ, ಇದು ಜರ್ಮನಿಯಲ್ಲಿ ರಾಜ ಇದ್ದ ಕಾಲದ್ದು. ನೌಕಾಪಡೆಯ ಆಫೀಸರನದ್ದು. ಡಮಾಸ್ಕಸ್ ಅಲಗು," ಎಂದರು ಫಾರೂಕ್.

ಹಿಡಿಯ ತುದಿಯಲ್ಲಿ ಕಿರೀಟ, ಹಳದಿಗಟ್ಟಿದ ದಂತದ ಹಿಡಿ, ಹಿತ್ತಾಳೆಯ ಒರೆ. ಅಲಗಿನ ತುಂಬ ನೀರಿನ ಅಲೆಯಂಥ ಗೆರೆ, ಅದರ ಮೇಲೆ ಚಿನ್ನದ ಬಣ್ಣದ ಅಕ್ಷರ. ಅಬ್ದುಲ್ಲ ಕುಂಞಿ ಬೆಳಕಿಗೆ ಹಿಡಿದು ತಿರುಗಿಸಿ ನೋಡಿದ. "ಕಿರೀಟ, ದಂತ ಎಲ್ಲ ಹಳೆಯದೇ. ಅಲಗೇ ಸಂಶಯ. ಎರಡು ಜಾತಿಯ ಕಬ್ಬಿಣ ಮಡಚಿ ಮಡಚಿ ಬಡಿದಿದ್ದರೆ ಈ ಗೆರೆ ಒಳಗಿಂದ ಬಂದದ್ದು. ಸಾದಾ ಉಕ್ಕಿನ ಮೇಲೆ ಆ್ಯಸಿಡ್‌ನಲ್ಲಿ ಗೀಚಿದ್ದಾದರೆ ಮೈ ಮೇಲಿನದ್ದು ಮಾತ್ರ. ನಿಜದ್ದಾದರೆ ಅಲಗಿನ ಮೊಂಡು ಬೆನ್ನಿನಲ್ಲೂ ಗೆರೆ ಇರಬೇಕು. ಇದರ ಬೆನ್ನು ಕಪ್ಪು ಕಟ್ಟಿದೆಯಲ್ಲ. ಒಂದು ಚೂರು ತಿಕ್ಕಿದರೆ ಹೇಳಿಬಿಡುತ್ತೇನೆ."

ಫಾರೂಕ್ ಕಠಾರಿಯನ್ನು ಎದೆಗೊತ್ತಿಕೊಂಡರು. "ತಿಕ್ಕುವುದಾ? ಎಂತ ಮಾತು ಅಬ್ದುಲ್ಲಾಕ! ಆ ಕಪ್ಪಿಗೇ ಬೆಲೆ ಇರುವುದು. ತಿಕ್ಕಿದ ಕಠಾರಿಯನ್ನು ಕೂಡಿಹಾಕುವ ಹುಚ್ಚಿನ ನಮ್ಮವರು ಮೂಸಿಯೂ ನೋಡುವುದಿಲ್ಲ. ಅದಕ್ಕೇ ನೋಡಿ, ನಿಜವೋ ಸುಳ್ಳೋ ಅಂತ ಜಿದ್ದಾದಲ್ಲಿ ಇನ್ನೂ ಜಗಳ ಮುಗಿದಿಲ್ಲ."

ಮರುದಿನ ಗಂಡಸರು ಜುಮಾ ನಮಾಜಿಗೆ ಹೋದರು. ಮೈಮೂನ ಸ್ನಾನಕ್ಕೆ, ಜಸ್ನಾ ಸೀರೆಗೆ ಇಸ್ತ್ರಿ ಹಾಕಲು. ನೆಲದ ಮೇಲೆ ಊಟದ ಸುಪ್ರ ಹಾಸಲು ಮಜ್ಲಿಸಿಗೆ ಬಂದ ಬೀಫಾತಿಮಾಳ ಕಣ್ಣಿಗೆ ವೆಲ್ವೆಟ್ ಬಟ್ಟೆ ಬಿತ್ತು. ಬಿಚ್ಚಿ ನೋಡಿದಳು. ಅಯ್ಯೋ, ಹಿತ್ತಾಳೆಯ ಗತಿಯೇ! ಪಾಪ, ಟೈಲ್ಸ್ ಅಂಗಡಿಯ ಗಡಿಬಿಡಿಯಲ್ಲಿ ಯಾರಿಗೆ ಪುರುಸೊತ್ತು? ಬೀಗರು ನಮಾಜು ಮುಗಿಸಿ ಬರುವಾಗ ಫಳಫಳ ಹೊಳೆಯುತ್ತಿರಲಿ, ಹುಡುಗಿಯ ಮನೆಯ ಕೈಗುಣ ಅವರಿಗೂ ಗೊತ್ತಾಗಲಿ.

ಅಡುಗೆಮನೆಗೆ ಒಯ್ದು ಹುಣಸೆ ಹುಳಿಗೆ ಕಲ್ಲುಪ್ಪು ಸೇರಿಸಿ ತಿಕ್ಕಿದ್ದೇ ಒರೆ ಬಂಗಾರವಾಯಿತು. ಕೈಗೆ ಹುರುಪು ಬಂತು. ಒರೆಯಿಂದ ಅಲಗನ್ನು ಎಳೆದಳು. ಅದರ ಮೈಯೆಲ್ಲ ಹುಳ ಹರಿದ ಹಾಗೆ ಗೆರೆ, ಕಲೆ. ಇದಕ್ಕೆ ಹುಳಿ ಸಾಲದು. ಗಂಡ ಜಂಬಿಯಾಕ್ಕೆಂದು ತಂದಿಟ್ಟ ಪಾಲಿಶ್ ಪೇಪರ್ ಕಪಾಟಿನಲ್ಲಿತ್ತು. ಮೀನು ಕೊಯ್ಯುವ ಮೆಟ್ಟುಕತ್ತಿಯನ್ನು ತಿಕ್ಕುವ ಹಾಗೆ ತುದಿಯಿಂದ ಬುಡಕ್ಕೆ, ಬೆನ್ನು ಹೊಟ್ಟೆ ಬಿಡದೆ, ಬಾವಿಕಟ್ಟೆಯ ಹುಮ್ಮಸ್ಸಿನಲ್ಲಿ ಎಳೆದಳು. ಕಲೆ ಹೋಯಿತು. ಅಕ್ಷರದ ಚಿನ್ನವೂ ಹೋಯಿತು. ಅಲಗು ಹೊಸ ಸ್ಟೀಲ್ ಬಟ್ಟಲಿನ ಹಾಗೆ ಮಿಂಚಿತು.

"ಉಮ್ಮಾ!" ಬಾಗಿಲಲ್ಲಿ ಜಸ್ನಾ. "ಎಂತ ಮಾಡಿದಿರಿ? ಅದು ಕಲೆ ಅಲ್ಲ, ಅದೇ ಡಿಸೈನ್! ನಿನ್ನೆ ರಾತ್ರಿ ಇಡೀ ಅವರು ಅದರದ್ದೇ ಮಾತಾಡಿದ್ದಂತೆ. ಆಶಿಕ್ ಮೆಸೇಜ್ ಮಾಡಿದ್ದಾರೆ."

"ಡಿಸೈನಾ? ಅಷ್ಟು ಗಲೀಜು ಡಿಸೈನ್ ಯಾರು ಮಾಡ್ತಾರೆ ಮಗಳೇ?" ಎಂದಳಾದರೂ ಬೀಫಾತಿಮಾ ಅಲಗನ್ನು ಎರಡೂ ಬದಿ ತಿರುಗಿಸಿ, ಒಂದಾದರೂ ಗೆರೆ ಉಳಿದಿದೆಯೇ ಎಂದು ಹುಡುಕಿದಳು. ತಾನು ಉಜ್ಜಿದ್ದು ಕಬ್ಬಿಣವನ್ನಲ್ಲ, ಮಗಳ ಮದುವೆಯನ್ನು ಎನಿಸಿತು.

ಕಾರು ನಿಂತ ಸದ್ದು. ಅಬ್ದುಲ್ಲ ಕುಂಞಿ ಮುಂದಾಗಿ ಅಡುಗೆಮನೆಗೆ ಬಂದ. ಹೆಂಡತಿಯ ಮುಖ ನೋಡಿದ, ಅಲಗು ನೋಡಿದ. ಬೈಯಲಿಲ್ಲ. ಉದ್ದನೆಯ ಮೀನಿನ ತಟ್ಟೆಯಲ್ಲಿ ಅಲಗನ್ನು ಮಲಗಿಸಿ, ಮಿಕ್ಕ ಹುಣಸೆ ಹುಳಿಯನ್ನು ಬಿಸಿ ನೀರಿನಲ್ಲಿ ಕಿವುಚಿ ಅದರ ಮೇಲೆ ಸುರಿದ.

"ನಿಜದ್ದಾದರೆ ಹುಳಿಗೆ ಒಂದು ಕಬ್ಬಿಣ ಕಪ್ಪಾಗಿ, ಇನ್ನೊಂದು ಬೆಳ್ಳಗೆ ಉಳಿದು ಗೆರೆ ವಾಪಸ್ ಬರ್ತದೆ," ಎಂದ ಮೆಲ್ಲಗೆ.

"ಬಾರದಿದ್ದರೆ?"

"ಗೀಚಿದ್ದು ಅಂತ ಅರ್ಥ. ಆಗ ಅವರಿಗೆ ಎರಡೆರಡು ಕೆಟ್ಟ ಸುದ್ದಿ ಹೇಳಬೇಕು. ಊಟ ಆಗ್ಲಿ ಬೀಪಾತು, ಆಮೇಲೆ ಹೇಳುವಾ."

"ಅವರಿಗೆ ಬಿರಿಯಾನಿ ಬಡಿಸ್ತಾ, ಒಳಗೆ ಇದನ್ನು ಮುಚ್ಚಿಟ್ಟು ನಗಾಡ್ಲಿಕ್ಕೆ ನನ್ನಿಂದ ಆಗ್ಲಿಕ್ಕಿಲ್ಲ." ಗಂಡ ತಡೆಯುವ ಮೊದಲೇ ಅವಳು ತಲೆಗೆ ಸೆರಗು ಎಳೆದುಕೊಂಡು ಮಜ್ಲಿಸಿನ ಬಾಗಿಲಿಗೆ ಹೋಗಿ ನಿಂತಿದ್ದಳು. "ಫಾರೂಕ್ ಭಾಯಿ, ನಿಮ್ಮ ಕಠಾರಿಯನ್ನು ನಾನು ತಿಕ್ಕಿದೆ. ಕಲೆ ಅಂತ ತಿಳಿದು ಗೆರೆ ಎಲ್ಲ ತೆಗೆದುಬಿಟ್ಟೆ. ತಪ್ಪು ನನ್ನದು, ಹುಡುಗಿಗೆ ಗೊತ್ತೇ ಇರಲಿಲ್ಲ."

ಫಾರೂಕ್ ಎದ್ದು ಅಡುಗೆಮನೆಗೆ ಬಂದರು. ಮೀನಿನ ತಟ್ಟೆಯಲ್ಲಿ ಮಲಗಿದ ಕಠಾರಿಯನ್ನು ಕಂಡು, ಆಸ್ಪತ್ರೆಯಲ್ಲಿ ನೆಂಟನನ್ನು ನೋಡಲು ಬಂದವರ ಹಾಗೆ ಪಕ್ಕದಲ್ಲಿ ಕೂತರು. ಎಲ್ಲರೂ ಸುತ್ತ ನಿಂತರು. ಒಲೆಯ ಮೇಲೆ ಬಿರಿಯಾನಿ ಬೇಯುತ್ತಲೇ ಇತ್ತು. ಹುಳಿ ನೀರಿನಡಿಯಲ್ಲಿ ಅಲಗು ಬೋಳು ಬೋಳಾಗಿಯೇ ಇತ್ತು. ಬೀಫಾತಿಮಾ ಸ್ವಲಾತ್ ಪ್ರಾರ್ಥನೆ ಹೇಳತೊಡಗಿದಳು.

ಆಶಿಕ್ ಮೊದಲು ಬಗ್ಗಿದ. "ಬುಡದಲ್ಲಿ ಎಂತದೋ ಕಾಣ್ತದೆ."

ನಿಜ. ಬುಡದಲ್ಲಿ ಮಸುಕು ಗೆರೆಯೊಂದು ಎದ್ದಿತ್ತು. ಅದರ ಪಕ್ಕ ಇನ್ನೊಂದು. ನೋಡನೋಡುತ್ತ ನೀರಿನಲ್ಲಿ ಬಿಚ್ಚಿದ ಕೂದಲಿನ ಹಾಗೆ ಗೆರೆಗಳು ತುದಿಯವರೆಗೆ ಹರಡಿಕೊಂಡವು. ಅಬ್ದುಲ್ಲ ಕುಂಞಿ ಅಲಗನ್ನೆತ್ತಿ ತೊಳೆದು, ಬೆನ್ನನ್ನು ಕಿಟಕಿಯ ಬೆಳಕಿಗೆ ತಿರುಗಿಸಿದ. ಅಲ್ಲೂ ಅದೇ ಗೆರೆ, ಈ ಬದಿಯಿಂದ ಆ ಬದಿಗೆ ದಾಟಿತ್ತು.

"ಒರಿಜಿನಲ್!" ಫಾರೂಕ್ ಕೂಗಿದ ಕೂಗಿಗೆ ಪಕ್ಕದ ಮನೆಯ ಯೆಮೆನಿ ಬಾಗಿಲು ತೆರೆದ. ಮರುಕ್ಷಣ ಅವರ ಮುಖ ಬಾಡಿತು. "ಆದರೆ ಚಿನ್ನದ ಅಕ್ಷರ ಹೋಯ್ತಲ್ಲ. ಹಳೆಯ ಕಪ್ಪೂ ಹೋಯ್ತು. ನಿಜ ಅಂತ ಗೊತ್ತಾದ ದಿನವೇ ಇದನ್ನು ಯಾರೂ ಕೊಳ್ಳದ ಹಾಗಾಯ್ತು."

"ನೀವು ಮಾರ್ಲಿಕ್ಕೆ ಇಟ್ಟದ್ದಾ?" ಎಂದಳು ಮೈಮೂನ.

"ಮಾರುವುದಾ? ಸತ್ತರೂ ಇಲ್ಲ!"

"ಮತ್ತೆಂತ ಅಳುವುದು ಮಾರಾಯ್ರೆ? ಇನ್ನಾದರೂ ಜಗಳ ಬಿಟ್ಟು ನಿದ್ದೆ ಮಾಡಿ."

ಫಾರೂಕ್ ಅಲಗನ್ನು ತಿರುಗಿಸಿ ತಿರುಗಿಸಿ ನೋಡಿದರು. ಹುಬ್ಬು ಗಂಟು ಹಾಕಿದರು, ಬಿಟ್ಟರು, ಮತ್ತೆ ಗಂಟು ಹಾಕಿದರು. ಅಷ್ಟೂ ಹೊತ್ತು ಬೀಫಾತಿಮಾ ಅವರ ಹುಬ್ಬನ್ನೇ ನೋಡುತ್ತ ನಿಂತಿದ್ದಳು. ಕೊನೆಗೆ ಅವರು ಮಗನತ್ತ ತಿರುಗಿದರು.

"ಆಶಿಕ್, ನಿನಗೊಂದು ಬುದ್ಧಿಮಾತು. ಅತ್ತೆ ಮನೆಗೆ ಬರುವಾಗೆಲ್ಲ ಒಗೆದ ಅಂಗಿ ಹಾಕ್ಕೊಂಡು ಬಾ. ಕಲೆ ಗಿಲೆ ಕಂಡಿತೋ, ನಿನ್ನನ್ನೂ ಹುಳಿ ಹಾಕಿ ತಿಕ್ಕಿಬಿಡ್ತಾರೆ."

ಅತ್ತೆ ಎಂದರೆ ತಾನೇ ಎಂದು ಬೀಫಾತಿಮಾಳ ತಲೆಗೆ ಹೋಗಲು ಸ್ವಲ್ಪ ಹೊತ್ತು ಹಿಡಿಯಿತು. ಹೋದ ಮೇಲೆ, "ಯಾ ಅಲ್ಲಾ, ಬಿರಿಯಾನಿ!" ಎಂದು ಒಲೆಯ ಕಡೆ ಓಡಿದಳು.