ಗೌರಿಹೂವಿಗೆ ಬೇಲಿ, ಮಾಗಳಿಗೆ ಹಾರೆ

ನಾಟ್ರಾಂಪಾಳ್ಯದ ರಾಮಕ್ಕ ಮೂವತ್ತು ವರ್ಷ ಬೆಟ್ಟದಲ್ಲಿ ಮಾಗಳಿ ಬೇರು ಅಗೆದು ಉಪ್ಪಿನಕಾಯಿ ಹಾಕಿ ಮಾರಿದವಳು. ಬೇರಿಗೆ ತಿಗಣೆ ವಾಸನೆ ಎಂದು ಮೂಗು ಮುರಿದವರೇ ಆಮೇಲೆ ಬಾಟಲಿ ಹಿಡಿದು ಅವಳ ಬಾಗಿಲಿಗೆ ಬರುತ್ತಿದ್ದರು. ಅವಳು ಪಕ್ಕದ ಬೇರಷ್ಟೇ ತೆಗೆದು ತಾಯಿಬೇರಿಗೆ ಮಣ್ಣು ಮುಚ್ಚುತ್ತಿದ್ದಳು. ಆಸೆಬುರುಕರು ಹಾರೆ ಹಾಕಿ ಬುಡಸಮೇತ ಎತ್ತಿದರು. ಗಿರಾಕಿ ಹೆಚ್ಚಿದ ಒಂದು ವರ್ಷ ತಾನೂ ಹಾಗೆ ಎತ್ತಿದ್ದುಂಟು, ಅದನ್ನು ನೆನೆದರೆ ಅವಳಿಗೆ ಇಂದಿಗೂ ಸಂಕಟ. ಈಗ ಉಳಿದಿರುವುದು ಅವಳ ಹೊಲದ ಬಂಡೆ ಪಕ್ಕದ ಒಂದೇ ಬಳ್ಳಿ. ಅದು ಕಾಯಿ ಬಿಟ್ಟು, ಒಡೆದು, ಬೀಜ ಉದುರುವವರೆಗೆ ಯಾರೂ ಮುಟ್ಟಬಾರದೆಂಬುದು ಅವಳ ಹಟ.

ಅದೇ ಹೊಲದ ಅಂಚಿನಲ್ಲಿ ಗೌರಿಹೂ ಕಳೆಯಂತೆ ಹಬ್ಬಿದೆ. ಕೆಂಪು ಹಳದಿಯ ಚೆಲುವಾದ ಹೂ, ತಮಿಳುಸೀಮೆಯ ರಾಜ್ಯದ ಹೂ. ಗೆಡ್ಡೆ ಮಾತ್ರ ಕಡುವಿಷ. ಅದನ್ನು ಉಳಿಸಲೆಂದು ಹೊಸೂರಿನ ಪುಷ್ಪರಕ್ಷಣಾ ಸಮಿತಿ ಎರಡು ಕಾರಿನಲ್ಲಿ ಬಂತು. ತಂತಿಬೇಲಿ ಕಟ್ಟಿದರು, ಹೂವಿನ ಪಕ್ಕ ಸರದಿಯಲ್ಲಿ ನಿಂತು ಫೋಟೋ ತೆಗೆಸಿಕೊಂಡರು, ಕಾಲಡಿಯಲ್ಲಿ ಅದೇ ಹೂವಿನ ನಾಲ್ಕು ಗಿಡ ಅಪ್ಪಚ್ಚಿ ಮಾಡಿದರು, ಪುಣ್ಯಾತ್ಮರು.

ರಾಮಕ್ಕನ ಮನೆಯಲ್ಲಿ ಊಟಕ್ಕೆ ಕೂತಾಗ ಸಮಿತಿಯ ಅಧ್ಯಕ್ಷರಾದ ಗಿರಿ ಕೇಳಿದರು, "ಮಾಗಳಿ ಊರುಗಾಯ್ ಇಲ್ವಾಮ್ಮಾ?"

ರಾಮಕ್ಕನ ತಮ್ಮ ಕದಿರಪ್ಪ ಆಗಲೇ ಹಾರೆ ಹುಡುಕತೊಡಗಿದ. "ಬಂಡೆ ತಾವ ಒಂದು ಐತಲ್ಲಕ್ಕಾ, ಕಿತ್ಕೊಂಬತ್ತೀನಿ."

"ಸುಮ್ಕೆ ಕೂತ್ಕಳ್ಲಾ," ಎಂದು ಗದರಿ ರಾಮಕ್ಕ ಗಿರಿಯತ್ತ ತಿರುಗಿದಳು. "ನಿಮ್ಮ ಪಟ್ಟೀಲಿ ನೋಡಿ ಯೋಳಿ ಸ್ವಾಮಿ, ಗೌರಿ, ಮಾಗಳಿ ಎರಡ್ರಲ್ಲಿ ಯಾವ್ದು ಅಳಿತಾ ಇರೋದು?"

ಗಿರಿ ಎಡಗೈಯಲ್ಲಿ ಮೊಬೈಲ್ ತೆಗೆದು ಓದಿದರು. ಪ್ರಪಂಚದ ಲೆಕ್ಕದಲ್ಲಿ ಗೌರಿಹೂವಿಗೆ ಸದ್ಯಕ್ಕೆ ಚಿಂತೆಯಿಲ್ಲ, ಮಾಗಳಿ ಅಳಿವಿನಂಚಿನಲ್ಲಿದೆ. ಅವರ ಮುಖ ಗಂಭೀರವಾಯಿತು.

"ಹಂಗಾದ್ರೆ ಮುಗಿದೋಗೋಕ್ ಮುಂಚೆ ನಮ್ಮನೆಗೂ ಎರಡು ಬಾಟ್ಲಿ ಹಾಕ್ಕೊಟ್ಬುಡಮ್ಮಾ."

ರಾಮಕ್ಕನಿಗೆ ಮೈಯೆಲ್ಲ ಉರಿದುಹೋಯಿತು. "ಮಾಗಳಿ ಯಾಕೆ? ನಿಮ್ಮ ಬೇಲಿ ಒಳಗೆ ಗೌರಿಗೆಡ್ಡೆ ಬೇಕಾದಷ್ಟೈತೆ. ಅದುನ್ನೇ ಹಾಕ್ಕೊಡ್ತೀನಿ, ತಿಂತೀರಾ?"

ಸಮಿತಿಯವರು ಎಲೆ ಮಡಿಚಿದರು. ಮಜ್ಜಿಗೆಗೂ ಕಾಯದೆ ಎದ್ದು ಕಾರು ಹತ್ತಿದರು.

ವಾರ ಕಳೆದು ಸಮಿತಿಯಿಂದ ತಮಿಳಿನಲ್ಲೊಂದು ಕಾಗದ ಬಂತು. ಕದಿರಪ್ಪ ಓದಿ ಹೇಳಿದ: ರಾಜ್ಯದ ಹೂವನ್ನು ಬುಡಸಹಿತ ಕಿತ್ತು ಉಪ್ಪಿನಕಾಯಿ ಹಾಕುವುದಾಗಿ ನಾಲ್ಕು ಜನರ ಮುಂದೆ ಬೆದರಿಸಿದ್ದಕ್ಕೆ ರಾಮಕ್ಕ ಹದಿನೈದು ದಿನದೊಳಗೆ ವಿವರಣೆ ಕೊಡಬೇಕು.

"ಮಾಗಳಿ ಮಾತೇನಾರ ಬರ್ದವ್ರಾ?" ಎಂದು ರಾಮಕ್ಕ ಕೇಳಿದಳು.

"ಅದ್ರ ಸುದ್ದೀನೇ ಇಲ್ಲಕ್ಕಾ."

"ಸದ್ಯ, ಮರ್ತವ್ರೆ. ಇನ್ನು ಉಳ್ಕಂತದೆ ಬುಡು," ಎಂದು ರಾಮಕ್ಕ ನೆಮ್ಮದಿಯ ಉಸಿರುಬಿಟ್ಟಳು.