ಚಪ್ಪಲಿಯ ಹಾಜರಿ

ನವನಗರದಲ್ಲಿ ನಮ್ಮ ಸಂಗೀತಕ್ಕೆ ಇದ್ದದ್ದು ಒಂದೇ ಖೋಲಿ. ಕೆಳಗೆ ಮನೆಯೊಡತಿ, ಮೇಲೆ ನಾವು. ಶಾಲೆಯಲ್ಲಿ ಕಲಿಸಿ ನಿವೃತ್ತರಾದ ಆಕೆ ಓಣಿಗೆಲ್ಲ ಅಕ್ಕೋರು. ತಿಂಗಳಿಗೊಂದು ರವಿವಾರ ಮುಂಜಾನೆ ಅಲ್ಲಿ ಯಾರಾದರೂ ಹಾಡುತ್ತಿದ್ದರು, ನಾನು ತಬಲಾ ನುಡಿಸುತ್ತಿದ್ದೆ. ಕೇಳುವವರು ಏಳೆಂಟು ಜನ, ಅವರಲ್ಲೂ ಇಬ್ಬರು ನನ್ನ ಮನೆಯವರೇ.

ಒಂದು ದಿನ ಅಕ್ಕೋರು ನನ್ನನ್ನು ಕರೆದು ಹೇಳಿಬಿಟ್ಟರು. "ಟ್ಯೂಶನ್ನಿನವರು ಮ್ಯಾಲಿನ ಖೋಲಿ ಕೇಳಾಕತ್ತಾರ್ರಿ. ಈ ರವಿವಾರ ಮಂದಿ ತುಂಬಿದ್ರ ನಿಮಗ, ಇಲ್ಲಂದ್ರ ಅವರಿಗೆ. ಮೊಣಕಾಲ ನೋವು, ನಾ ಮೆಟ್ಟಲಾ ಹತ್ತಂಗಿಲ್ಲ. ಕೆಳಗ ಚಪ್ಪಲಿ ನೋಡೇ ಹಾಜರಿ ಹಿಡಿತೇನಿ."

ಚಪ್ಪಲಿ ನೋಡಿ ಎಂದರೆ ನಾನು ಗೆದ್ದಂತೆಯೇ. ಶನಿವಾರ ಮನೆಮನೆಗೆ ಹೋಗಿ ಹಳೆಯ ಚಪ್ಪಲಿ ಬೇಡಿದೆ. ಯಾಕೆಂದು ಕೇಳಿದವರಿಗೆ ಸಂಗೀತಕ್ಕೆ ಎಂದೆ. ಅವರು ಮತ್ತೇನೂ ಕೇಳಲಿಲ್ಲ. ರವಿವಾರ ಬೆಳಗಾಗುತ್ತಲೇ ಗೋಣಿಚೀಲದ ತುಂಬ ಇದ್ದ ಚಪ್ಪಲಿಗಳನ್ನು ಓಣಿಗೆ ಕಾಣುವ ಮೆಟ್ಟಿಲ ಬುಡದಲ್ಲಿ ಸುರುವಿ, ಜನ ಅವಸರದಲ್ಲಿ ಬಿಟ್ಟುಹೋದಂತೆ ಅಡ್ಡಾದಿಡ್ಡಿ ಹರಡಿದೆ. ನನ್ನ ಜಾಣತನಕ್ಕೆ ನಾನೇ ಬೆನ್ನು ಚಪ್ಪರಿಸಿಕೊಂಡೆ.

ಇಳಕಲ್ಲಿನಿಂದ ಬಂದ ಗಾಯಕರು, ವೃತ್ತಿಯಿಂದ ನೇಕಾರರು, ಹಾಡು ಶುರುಮಾಡಿದಾಗ ಖೋಲಿಯಲ್ಲಿ ಅದೇ ಏಳು ಜನ. ಸ್ವಲ್ಪ ಹೊತ್ತಿಗೆ ಕಾಯಿಪಲ್ಯದ ಚೀಲ ಹಿಡಿದ ಗಂಡಹೆಂಡತಿ ಬಾಗಿಲಲ್ಲಿ ಇಣುಕಿದರು.

"ಏನ್ ನಡದೈತ್ರಿ? ಇಷ್ಟ ಮಂದಿ ಚಪ್ಪಲಿ ಕಂಡ್ವು, ಬಂದ್ವಿ," ಎಂದು ಗಂಡ ಕೇಳಿದ. ಇಬ್ಬರೂ ಕೂತೇಬಿಟ್ಟರು.

ಅವರ ಹಿಂದೆ ಹಾಲಿನವನು, ಆಮೇಲೆ ವಾಕಿಂಗ್ ಮುಗಿಸಿದ ಹಿರಿಯರ ಒಂದು ದಂಡು. ಪ್ರಸಾದ ಸಿಕ್ಕೀತೆಂದು ಬಂದವರೂ ಇದ್ದರು. ಆದರೆ ಕೂತವರು ಒಬ್ಬರೂ ಏಳಲಿಲ್ಲ. ನನಗಂತೂ ಹಿಗ್ಗೋ ಹಿಗ್ಗು. ಕೈ ಓಡತೊಡಗಿತು, ಲಯ ಏರಿತು, ಗಾಯಕರು ಕಣ್ಣಲ್ಲೇ ಗದರಿಸಿದರು.

ಅಷ್ಟರಲ್ಲಿ ಗೋಡೆ ಹಿಡಿದುಕೊಂಡು ಏದುಸಿರು ಬಿಡುತ್ತ ಅಕ್ಕೋರೇ ಮೇಲೆ ಬಂದರು. ಕೈಯಲ್ಲಿ ನಾನಿಟ್ಟ ಒಂದು ಜೋಡಿ ಚಪ್ಪಲಿ. ಎರಡೂ ಎಡಗಾಲಿನವು. ನನ್ನ ಕಳ್ಳತನ ಹಿಡಿಯಲೆಂದೇ ಆ ನೋವಿನ ಕಾಲಲ್ಲಿ ಹತ್ತಿದ್ದರು. ಅವರು ಒಳಗೆ ನೋಡಿದರು. ಕಾಲಿಡಲು ಜಾಗವಿರಲಿಲ್ಲ. ಯಾರೋ ಸರಿದು ಕೂತರು. ಚಪ್ಪಲಿಯನ್ನು ಹೊಸ್ತಿಲಾಚೆ ಬಿಟ್ಟು ಒಳಗೆ ಬಂದು ಕೂತವರು ಹಾಡು ಮುಗಿಯುವ ತನಕ ಮಿಸುಕಲಿಲ್ಲ.

ಜನ ಇಳಿದುಹೋದ ಮೇಲೆ ತಪ್ಪೊಪ್ಪಿಕೊಳ್ಳಲು ಬಾಯಿ ತೆರೆದೆ. ಅವರು ಕೈ ಅಡ್ಡ ಹಿಡಿದರು.

"ಟ್ಯೂಶನ್ ಹುಡುಗರನ್ನ ಕೆಳಗ ನನ್ನ ಪಡಸಾಲ್ಯಾಗ ಕುಂದರಸ್ತೇನಿ. ಈ ಖೋಲಿ ನಿಮಗ ಇರಲಿ," ಎಂದರು. ನಾಲ್ಕು ಮೆಟ್ಟಿಲು ಇಳಿದು ನಿಂತರು. "ಆರು ವರ್ಷಾತು ತಬಲಾ ಮಾಸ್ತರ, ಕೆಳಗ ನನಗ ಬರೇ ನಿಮ್ಮ ಬಡಿತ ಅಷ್ಟ ಕೇಳಸ್ತಿತ್ತು. ಮ್ಯಾಲೆ ಹಾಡೂ ಇರತೈತಿ ಅಂತ ಇವತ್ತ ಗೊತ್ತಾತು."