ಅಕ್ಕನ ಕೆಂಪು ಪೆಟ್ಟಿಗೆ

ಅಕ್ಕನ ಬಲಗೈ ಹೆಬ್ಬೆರಳಿನ ಉಗುರು ಯಾವಾಗಲೂ ಅಂಚಿನಲ್ಲಿ ಸೀಳಿರುತ್ತಿತ್ತು. ದೆಹಲಿ ಬಳಿಯ ಮಾನೇಸರದ ನಮ್ಮ ಕಾರ್ಖಾನೆಯಲ್ಲಿ ತಯಾರಾಗುವುದು ಬ್ರೇಕಿನ ಬಿಡಿಭಾಗಗಳು. ಗುಣಮಟ್ಟ ವಿಭಾಗದ ಮುಖ್ಯಸ್ಥೆಯಾಗಿದ್ದ ಅವರು ಅಳತೆಯ ಉಪಕರಣ ಹಿಡಿಯುವ ಮೊದಲು ತುಂಡಿನ ಅಂಚಿನ ಮೇಲೆ ಆ ಉಗುರು ಎಳೆಯುತ್ತಿದ್ದರು. ಉಗುರು ಸಿಕ್ಕಿಕೊಂಡರೆ ಆ ತುಂಡು ದೋಷದ್ದು, ಕೆಂಪು ಪೆಟ್ಟಿಗೆಗೆ. ಪ್ರತಿ ಬೆಳಿಗ್ಗೆ ಎಲ್ಲರೂ ಆ ಪೆಟ್ಟಿಗೆಯ ಸುತ್ತ ನಿಂತು ಮಾತಾಡಬೇಕು, ಅದು ಅವರು ಹಾಕಿಕೊಟ್ಟ ಪದ್ಧತಿ. "ಯಾರು ಮಾಡಿದ್ದು ಅಂತ ಕೇಳ್ಬೇಡಿ, ಹೇಗಾಯ್ತು ಅಂತ ಕೇಳಿ" ಎನ್ನುತ್ತಿದ್ದರು.

ನಾವಿಬ್ಬರೂ ದೆಹಲಿಯ ಜನಕಪುರಿಯಿಂದ ಕಂಪನಿ ಬಸ್ಸು ಹತ್ತುವವರು. ನಾನೂ ತಮ್ಮಂತೆ ಕನ್ನಡದವಳೆಂದು ಗೊತ್ತಾದ ದಿನದಿಂದ ಅವರು ನನಗೆ ಅಕ್ಕನಾದರು, ಪಕ್ಕದಲ್ಲೇ ಕೂರಿಸಿಕೊಂಡು ಒಗ್ಗರಣೆ ಅವಲಕ್ಕಿಯ ಡಬ್ಬಿ ಬಿಚ್ಚುತ್ತಿದ್ದರು. ಸಂಜೆ ತರಕಾರಿ ಗಾಡಿಯೆದುರು ನಿಂತರೆ ಟೊಮೇಟೊ ರಾಶಿಯ ಅಡಿಗೇ ಅವರ ಕೈ. "ಮೇಡಂಜೀ, ಯೇ ಟಮಾಟರ್ ಹೈ, ಬ್ರೇಕ್ ನಹೀಂ!" ಇದು ಟೊಮೇಟೊ, ಬ್ರೇಕಲ್ಲ ಎಂದು ಗಾಡಿಯವನು ನಗುತ್ತಿದ್ದ. "ಮೇಲಿನದು ನೋಡೋಕೆ, ಅಡಿಯದು ತಿನ್ನೋಕೆ ಕಣೇ" ಎಂದು ಅಕ್ಕ ನನ್ನ ಕಡೆ ತಿರುಗುತ್ತಿದ್ದರು.

ಒಂದು ವರ್ಷ ನಮ್ಮ ದೊಡ್ಡ ಗಿರಾಕಿ ಕಂಪನಿಯವರು, ನಮ್ಮ ಗುಣಮಟ್ಟದ ವ್ಯವಸ್ಥೆ ಎಷ್ಟು ಗಟ್ಟಿಯಾಗಿದೆ ಎಂದು ಅಳೆಯಲು ಬರುವವರಿದ್ದರು. ಅವರ ಶ್ರೇಣಿಯಲ್ಲಿ ಒಂದು ಮೆಟ್ಟಿಲು ಮೇಲೇರಿದರೆ ಹೊಸ ಆರ್ಡರ್. ಹಿಂದಿನ ದಿನ ನೆಲಕ್ಕೆ ಹಳದಿ ಗೆರೆ ಎಳೆದರು, ಬಾಗಿಲಿಗೆ ಹೂಕುಂಡ ತಂದಿಟ್ಟರು, ಕೆಂಪು ಪೆಟ್ಟಿಗೆಯನ್ನು ಬರಿದು ಮಾಡಿ ಅದಕ್ಕೂ ಬಣ್ಣ ಬಳಿದರು. ಬಣ್ಣ ಆರುವ ಮೊದಲೇ ಅಕ್ಕ ಬಂದು, ಗೋದಾಮಿಗೆ ಸಾಗಿಸಿದ್ದ ತುಂಡುಗಳನ್ನೆಲ್ಲ ತರಿಸಿ ಮತ್ತೆ ಅದರೊಳಗೇ ಹಾಕಿಸಿದರು.

"ಮನೆಗೆ ನೆಂಟರು ಬರುವಾಗ ಯಾರಾದರೂ ಕಸ ಹರಡುತ್ತಾರಾ ಮೇಡಂ?" ಎಂದು ಕಾರ್ಖಾನೆಯ ಮುಖ್ಯಸ್ಥರು ಹಿಂದಿಯಲ್ಲಿ ಚುಚ್ಚಿದರು.

"ಪೆಟ್ಟಿಗೆಯಿಂದ ತೆಗೆದ ಮಾತ್ರಕ್ಕೆ ಕಸ ಮಷೀನಿನಿಂದ ಹೋಗಲ್ಲ ಸರ್" ಎಂದರು ಅಕ್ಕ.

ಪೆಟ್ಟಿಗೆ ತುಂಬಿತ್ತು, ನಮಗೆ ಆ ಮೆಟ್ಟಿಲು ಸಿಗಲಿಲ್ಲ. ಆರ್ಡರೂ ಬರಲಿಲ್ಲ. ಅಕ್ಕನ ಕುರ್ಚಿ ಕ್ಯಾಂಟೀನಿನ ಹಿಂದಿನ ಕೋಣೆಗೆ ಹೋಯಿತು. ಸ್ವಲ್ಪ ದಿನಕ್ಕೆ ಅವರೇ ಕೆಲಸ ಬಿಟ್ಟರು. ಮರುವರ್ಷ ಪೆಟ್ಟಿಗೆ ಖಾಲಿ ಇತ್ತು, ಮೆಟ್ಟಿಲು ಸಿಕ್ಕಿತು. ಆ ಪ್ರಮಾಣಪತ್ರ ಈಗ ಸ್ವಾಗತಕೋಣೆಯ ಗೋಡೆಯ ಮೇಲಿದೆ. ಬೆಳಗಿನ ಮಾತುಕತೆ ತಾನಾಗಿಯೇ ನಿಂತಿತು. ಖಾಲಿ ಪೆಟ್ಟಿಗೆಯ ಸುತ್ತ ನಿಂತು ಮಾತಾಡುವುದಾದರೂ ಏನನ್ನು?

ಕಾಯಿಲೆ ಬಿದ್ದು ಹಾಸಿಗೆ ಹಿಡಿದ ಮೇಲೂ ಅಕ್ಕ ಫೋನು ಮಾಡಿದರೆ ಮೊದಲು ಕೇಳುತ್ತಿದ್ದುದು ಆ ಪೆಟ್ಟಿಗೆಯ ಸುದ್ದಿಯನ್ನೇ. ಕೊನೆಯ ಸಲ ಅವರ ದನಿ ತೀರಾ ಸಣ್ಣಗಾಗಿತ್ತು.

"ಪೆಟ್ಟಿಗೇಲಿ ಏನಾದ್ರೂ ಇದೆಯೇನೇ?"

"ಇಲ್ಲ ಅಕ್ಕ, ಖಾಲಿ."

"ಹಾಗಾದ್ರೆ ಆ ತುಂಡುಗಳೆಲ್ಲಾ ರಸ್ತೆ ಮೇಲೆ ಓಡಾಡ್ತಿದಾವೆ" ಎಂದರು.

ಅವರನ್ನು ಮಸಣಕ್ಕೆ ಕಳಿಸಿಕೊಟ್ಟು ಕೆಲಸಕ್ಕೆ ಮರಳಿದ ದಿನ, ಒಂದು ತುಂಡಿನ ಅಂಚಿನ ಮೇಲೆ ನನ್ನ ಉಗುರು ಎಳೆದೆ. ಸಿಕ್ಕಿಕೊಂಡಿತು. ಪೆಟ್ಟಿಗೆಗೆ ಹಾಕಿದೆ. ಖಾಲಿ ತಗಡಿಗೆ ಅದು ಬಿದ್ದ ಸದ್ದಿಗೆ ಮಷೀನುಗಳ ಸಾಲಿನಲ್ಲಿದ್ದವರೆಲ್ಲ ತಿರುಗಿ ನೋಡಿದರು.

"ಮೇಡಂ, ಮುಂದಿನ ವಾರ ಆಡಿಟ್ ಇದೆ" ಎಂದ ಸೂಪರ್‌ವೈಸರ್, ತಗ್ಗಿದ ದನಿಯಲ್ಲಿ.

"ಗೊತ್ತು ಭಯ್ಯಾ" ಎಂದು ಇನ್ನೊಂದು ತುಂಡು ಎತ್ತಿಕೊಂಡೆ. ಅದರ ಅಂಚಿಗೂ ಉಗುರು ಎಳೆದೆ.